ನಾಲ್ಕು ನೆಲದ ಮನೆಗೆ ಒಂದು ರೋಬೋ ಕಸಬರಿಗೆ

"ಆ ತಾನೇ ಕಸ ಹೊಡೆಯೋ ಮಿಷಿನ್ ಹೆಂಗೈತ್ರಿ, ತಗೋಬಹುದಾ?" ಹೋದ ತಿಂಗಳಿಂದ ಗದಗದಲ್ಲಿ ನಮಗೆ ಎದುರಾದವರಲ್ಲಿ ಹತ್ತು ಮಂದಿಯಾದರೂ ಈ ಪ್ರಶ್ನೆ ಕೇಳಿದ್ದಾರೆ. ಮೊಬೈಲ್ ತೆರೆದರೆ ಅದರದೇ ಜಾಹೀರಾತು. ಬೆಂಗಳೂರಿನಲ್ಲಿರುವ ಮಕ್ಕಳು ಊರಿನ ತಂದೆ-ತಾಯಿಗೆ ಕಳಿಸುವ ಸಾಮಾನುಗಳ ಪಟ್ಟಿಗೆ ಮಿಕ್ಸರ್, ವಾಟರ್ ಫಿಲ್ಟರ್ ಆದಮೇಲೆ ಈಗ ಇದು ಸೇರಿದೆ. ಹದಿನೈದು ದಿನ ನಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅದು ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಹೇಳಬೇಕು. ಖರೀದಿಸಿದ್ದಲ್ಲ. ನಮ್ಮ ಪತ್ರಿಕೆಗೆ ದೀಪಾವಳಿ ಜಾಹೀರಾತು ಕೊಡುವ ಎಲೆಕ್ಟ್ರಾನಿಕ್ಸ್ ಅಂಗಡಿಯ ಮಾಲೀಕರು ಕೊಟ್ಟದ್ದು. "ಸರ್, ಹದಿನೈದು ದಿನಾ ಮನ್ಯಾಗ ಇಟಗೋರಿ, ಛಲೋ ಅನಿಸಿದ್ರ ನಾಕ್ ಸಾಲು ಬರೀರಿ" ಅಂದರು. ಜಿಲ್ಲೆಗಳಲ್ಲಿ ಸ್ಟ್ರಿಂಗರ್ ಆಗಿರುವ ನಮ್ಮ ಗೆಳೆಯರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸುದ್ದಿಯಿಂದ ಬರುವ ಸಂಭಾವನೆ ಪೆಟ್ರೋಲಿಗೂ ಸಾಲದಾಗ ಹಬ್ಬದ ಜಾಹೀರಾತಿನ ಕಮಿಷನ್ನೇ ನಮ್ಮ ಬೋನಸ್ಸು. ಅದಕ್ಕೇ ಯಂತ್ರ ಒಯ್ಯುವ ಮೊದಲೇ ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಅವರ ಕೈಗೆ ಕೊಟ್ಟೆವು: ಇಂಥ ತಾರೀಖಿಗೆ ವಾಪಸ್ ಕೊಡುತ್ತೇವೆ, ಬರೆದರೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆಯುತ್ತೇವೆ. ಅವರು ನಕ್ಕು ಅದನ್ನು ಗಲ್ಲೆಗೆ ಹಾಕಿಕೊಂಡರು.

ನಮ್ಮ ಮನೆಯ ನೆಲಗಳು

ಉತ್ತರ ಕರ್ನಾಟಕದ ಹಳೆ ಮನೆಗಳು ಒಂದೇ ಸಲಕ್ಕೆ ಕಟ್ಟಿದವಲ್ಲ. ದುಡ್ಡು ಕೂಡಿದ ಹಾಗೆ ಒಂದೊಂದು ಕೋಣೆ ಬೆಳೆದಿರುತ್ತದೆ. ನಮ್ಮ ಮನೆಯೂ ಹಾಗೇ. ಪಡಸಾಲೆಗೆ ಅಜ್ಜನ ಕಾಲದ ಶಹಾಬಾದ್ ಫರಸಿ. ನಡುಮನೆಗೆ ಅಪ್ಪ ಹಾಕಿಸಿದ ಕೆಂಪು ಆಕ್ಸೈಡ್ ನೆಲ. ಅಡುಗೆಮನೆಗೆ ಕರಿ ಕಡಪಾ ಕಲ್ಲು. ಅವ್ವ ಮಲಗುವ ಹೊಸ ಕೋಣೆಗೆ ವಿಟ್ರಿಫೈಡ್ ಟೈಲ್ಸ್. ಇದರ ಮೇಲೆ ನವಲಗುಂದದ ಒಂದು ಜಮಖಾನಿ. ಒಂದೊಂದು ಬಾಗಿಲಿಗೂ ಒಂದೊಂದು ಹೊಸ್ತಿಲು. ಅಳೆದು ನೋಡಿದೆವು: ಹೊರಬಾಗಿಲದ್ದು 9 ಸೆಂಟಿಮೀಟರ್, ನಡುಮನೆಯದು 6, ಹೊಸ ಕೋಣೆಯದು ಒಂದೂವರೆ.

ಯಂತ್ರದ ಡಬ್ಬಿಯ ಮೇಲೆ ಬರೆದಿತ್ತು: 2 ಸೆಂಟಿಮೀಟರ್ ಎತ್ತರದ ಹೊಸ್ತಿಲು ದಾಟುತ್ತದೆ. ಅಲ್ಲಿಗೆ ಅರ್ಧ ಪರೀಕ್ಷೆ ಮುಗಿದಂತಾಯಿತು. ನಡುಮನೆಯಿಂದ ಪಡಸಾಲೆಗೆ ಹೋಗಬೇಕಾದರೆ ಯಾರಾದರೂ ಎತ್ತಿಯೇ ಇಡಬೇಕು. ತಾನೇ ಕೆಲಸ ಮಾಡುತ್ತದೆ ಅಂದುಕೊಂಡು ತಂದದ್ದನ್ನು ಕೂಸಿನ ಹಾಗೆ ಹೊತ್ತು ತಿರುಗಿದೆವು.

ಇದು ಯಂತ್ರದ ತಪ್ಪೇನಲ್ಲ. ಅದು ಹುಟ್ಟಿದ್ದೇ ಹೊಸ್ತಿಲಿಲ್ಲದ ಮನೆಗಳಿಗೆ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 2001ರಲ್ಲಿ ಟ್ರೈಲೋಬೈಟ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ, 2002ರಲ್ಲಿ, ಅಮೆರಿಕದ ಐರೋಬೋಟ್ ಕಂಪನಿಯ ರೂಂಬಾ ಬಂತು. ಈ ಜಾತಿಯ ಯಂತ್ರ ಮನೆಮಾತಾದದ್ದು ಅದರಿಂದಲೇ. ಆ ಕಾಲದ ರೂಂಬಾಗಳು ಗೋಡೆಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತಿದ್ದವು. ಈಗಿನ ಬಹಳಷ್ಟು ಯಂತ್ರಗಳ ನೆತ್ತಿಯ ಮೇಲೆ ತಿರುಗುವ ಲೇಸರ್ ಇರುತ್ತದೆ. ಅದು ಗೋಡೆ, ಮಂಚದ ಕಾಲು, ಕುರ್ಚಿ ಎಷ್ಟು ದೂರ ಇವೆ ಎಂದು ಅಳೆದು ಮೊಬೈಲಿನಲ್ಲಿ ಮನೆಯ ನಕ್ಷೆ ಬರೆಯುತ್ತದೆ. ನಮ್ಮ ಮನೆಯ ನಕ್ಷೆ ಅಷ್ಟು ನಿಖರವಾಗಿ ನಗರಸಭೆಯ ಕಡತದಲ್ಲೂ ಇರಲಿಕ್ಕಿಲ್ಲ.

ತಕ್ಕಡಿ ಇಟ್ಟು ನೋಡಿದ್ದು

ಡಬ್ಬಿಯ ಮೇಲೆ ಇಷ್ಟು ಸಾವಿರ ಪಾಸ್ಕಲ್ ಎಂದು ದೊಡ್ಡಕ್ಷರದಲ್ಲಿ ಹಾಕಿರುತ್ತಾರೆ. ಪಾಸ್ಕಲ್ ಎಂದರೆ ಒತ್ತಡದ ಅಳತೆ. ಎಷ್ಟು ಗಾಳಿ ಹರಿಯುತ್ತದೆ, ಫರಸಿಯ ಸಂದಿಯಲ್ಲಿ ಕೂತ ಮಣ್ಣು ಮೇಲೆ ಬರುತ್ತದೋ ಇಲ್ಲವೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹೀಗಾಗಿ ಓಣಿಯ ಕಿರಾಣಿ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದೆವು. ಒಂದೊಂದು ನೆಲದ ಮೇಲೂ 50 ಗ್ರಾಂ ರವಾ ಚೆಲ್ಲಿ, ಯಂತ್ರ ಓಡಿಸಿ, ಅದರ ಹೊಟ್ಟೆಯ ಡಬ್ಬಿಯಲ್ಲಿ ಬಂದದ್ದನ್ನು ತೂಗಿದೆವು. ಮೂರು ಮೂರು ಸಲ ಮಾಡಿ ಸರಾಸರಿ ತೆಗೆದೆವು.

ಟೈಲ್ಸ್ ನೆಲದಲ್ಲಿ 47 ಗ್ರಾಂ ವಾಪಸ್ ಬಂತು. ಕೆಂಪು ನೆಲದಲ್ಲಿ 46. ಎರಡೂ ಭೇಷ್ ಅನ್ನುವಂಥವೇ. ಫರಸಿಯಲ್ಲಿ ಮಾತ್ರ 31. ಹಳೆ ಫರಸಿಯ ಸಂದಿಗಳ ಸಿಮೆಂಟ್ ಕಿತ್ತುಹೋಗಿದೆ. ರವಾ ಅದರೊಳಗೆ ಇಳಿದು ಕೂತರೆ ಯಂತ್ರ ಮೇಲೆ ಮೇಲೆ ಹಾದುಹೋಗುತ್ತದೆ. ಅದೇ ಫರಸಿಯ ಮೇಲೆ, ಅಷ್ಟೇ ರವಾ ಚೆಲ್ಲಿ, ನಮ್ಮ ಮನೆಗೆ ಕಸ-ನೆಲಕ್ಕೆ ಬರುವ ಅಕ್ಕನಿಗೂ ಗುಡಿಸಲು ಕೇಳಿಕೊಂಡೆವು. 44 ಗ್ರಾಂ ಬಂತು. ಅಕ್ಕ ಕಸಬರಿಗೆಯ ತುದಿಯನ್ನು ಸಂದಿಗೆ ಅಡ್ಡ ಹಿಡಿದು ಎಳೆಯುತ್ತಾರೆ. ಆ ಓರೆ ಯಂತ್ರದ ಬ್ರಷ್ಷಿಗೆ ಇಲ್ಲ.

ಅಡುಗೆಮನೆಯಲ್ಲಿ ಅಂಕಿಯೇ ಇಲ್ಲ, ಯಂತ್ರ ಒಳಗೇ ಹೋಗಲಿಲ್ಲ. ಎತ್ತಿ ಒಳಗಿಟ್ಟರೆ ನಿಂತಲ್ಲೇ ನಿಂತು ಇಂಗ್ಲಿಷಿನಲ್ಲಿ ಏನೋ ದೂರು ಹೇಳಿತು. ಕಾರಣ ಹುಡುಕಿದಾಗ ಗೊತ್ತಾಯಿತು: ಮೆಟ್ಟಿಲಿಂದ ಬೀಳದಿರಲಿ ಎಂದು ಇದರ ತಳಕ್ಕೆ ಇನ್‌ಫ್ರಾರೆಡ್ ಕಣ್ಣುಗಳಿರುತ್ತವೆ. ನೆಲಕ್ಕೆ ಬೆಳಕು ಬಿಟ್ಟು, ಅದು ತಿರುಗಿ ಬಂದರೆ ನೆಲ ಇದೆ ಎಂದು ಲೆಕ್ಕ. ಕಪ್ಪು ಮೇಲ್ಮೈ ಆ ಬೆಳಕನ್ನು ನುಂಗಿಬಿಟ್ಟರೆ ಕೆಳಗೆ ಕಂದಕ ಇದೆ ಎಂದು ತಿಳಿಯುತ್ತದೆ. ಅವ್ವ ಕೇಳಿ ನಕ್ಕಳು. "ಅಡಗಿಮನಿ ಅಂದ್ರ ಬಾವಿ ಅಂತ ತಿಳಕೊಂಡೈತಿ ನೋಡು ತಮ್ಮಾ. ಖರೇನ ಐತಿ. ನಾ ಬಿದ್ದಾಕಿ ಇನ್ನಾ ಮ್ಯಾಲ ಬಂದಿಲ್ಲ." ಆ ಕಣ್ಣುಗಳಿಗೆ ಬಿಳಿ ಕಾಗದ ಅಂಟಿಸಿದರೆ ಓಡುತ್ತದೆ ಎಂದು ಕೆಲವರು ಹೇಳುತ್ತಾರೆ. ಹಿತ್ತಲ ಬಾಗಿಲಿಗೆ ಮೆಟ್ಟಿಲಿರುವ ಮನೆಯಲ್ಲಿ ಅದನ್ನು ಮಾಡಬಾರದು. ನಾವು ಮಾಡಲಿಲ್ಲ.

ಒರೆಸುವ ವಿಚಾರ

ಗುಡಿಸುವುದಕ್ಕಿಂತ ಒರೆಸುವುದರಲ್ಲಿ ಈ ಯಂತ್ರದ ಗುಣ-ದೋಷ ಎರಡೂ ಹೆಚ್ಚು ಕಾಣುತ್ತವೆ.

ನಮ್ಮದು ಎರೆಮಣ್ಣಿನ ಸೀಮೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಮಧ್ಯಾಹ್ನದೊಳಗೆ ಮನೆಯ ತುಂಬ ಸಣ್ಣ ಧೂಳು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ. ಹೊಲಕ್ಕೆ ಹೋಗಿಬಂದವರ ಚಪ್ಪಲಿ ನೋಡಿದವರಿಗೆ ಇದು ಗೊತ್ತು. ಗುಡಿಸುವುದು ಒರೆಸುವುದು ಎರಡನ್ನೂ ಒಂದೇ ಸುತ್ತಿನಲ್ಲಿ ಮಾಡಿಸಿದರೆ ಬ್ರಷ್ಷಿಗೆ ತಪ್ಪಿಸಿಕೊಂಡ ಧೂಳನ್ನು ಹಿಂದಿನ ಒದ್ದೆ ಬಟ್ಟೆ ಕೆಸರು ಮಾಡಿ ಸವರುತ್ತದೆ. ಟೈಲ್ಸ್ ಮೇಲೆ ಗೆರೆ ಗೆರೆ. ಮೊದಲು ಒಣಗಿದ್ದನ್ನು ಪೂರಾ ಗುಡಿಸಿ, ಬಟ್ಟೆ ಸಿಕ್ಕಿಸಿ, ಆಮೇಲೆ ಎರಡನೇ ಸುತ್ತು ಓಡಿಸಿದಾಗ ಸರಿಹೋಯಿತು. ರೊಟ್ಟಿ ಬಡಿಯುವ ಮನೆಯವರು ಇನ್ನೂ ಎಚ್ಚರ ಇರಬೇಕು. ಜೋಳದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೋದರೆ ಅದು ಗಂಜಿ.

ನೀರಿನ ತೊಟ್ಟಿಗೆ ಫಿನಾಯಿಲ್ ಹಾಕಬೇಡಿ ಎಂದು ಕೈಪಿಡಿಯಲ್ಲೇ ಇತ್ತು. ಬೋರ್‌ವೆಲ್‌ನ ಗಡಸು ನೀರಿನಿಂದ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ವಿನೆಗರ್ ಬೆರೆಸಿ ಎಂದು ಇಂಟರ್‌ನೆಟ್ಟಿನಲ್ಲಿ ಉಪಾಯ ಹೇಳುವವರಿದ್ದಾರೆ. ಶಹಾಬಾದ್ ಮತ್ತು ಕಡಪಾ ಎರಡೂ ಸುಣ್ಣದಕಲ್ಲಿನ ಜಾತಿ. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ, ಹೊಳಪು ಹೋಗುತ್ತದೆ. ನಿಂಬೆಹಣ್ಣಿನ ರಸ ಬಿದ್ದ ಫರಸಿಯ ಮೇಲೆ ಉಳಿದ ಮಂಕು ಕಲೆಯನ್ನು ಯಾವ ಯಂತ್ರವೂ ತೆಗೆಯುವುದಿಲ್ಲ. ಬರೀ ನೀರು, ಸಾಧ್ಯವಾದರೆ ಹೊಳೆ ನೀರು ಅಥವಾ ಫಿಲ್ಟರ್ ನೀರು ಹಾಕಿರಿ.

ಜಮಖಾನಿಯದು ಬೇರೆಯೇ ಕಥೆ. ಕಾರ್ಪೆಟ್ ಸಿಕ್ಕರೆ ಒದ್ದೆ ಬಟ್ಟೆಯನ್ನು ಮೇಲೆತ್ತುವ ವ್ಯವಸ್ಥೆ ಈ ಯಂತ್ರಕ್ಕಿತ್ತು. ನೆಲಕ್ಕೆ ಅಲ್ಟ್ರಾಸಾನಿಕ್ ಶಬ್ದ ಬಿಟ್ಟು, ಅದು ಗಟ್ಟಿಯಾಗಿ ತಿರುಗಿ ಬಂದರೆ ಬರೀ ನೆಲ, ಮೆತ್ತಗಾಗಿ ಬಂದರೆ ಕಾರ್ಪೆಟ್ ಎಂದು ತಿಳಿಯುತ್ತದೆ. ವಿದೇಶದ ದಪ್ಪ ಕಾರ್ಪೆಟ್ಟಿಗೆ ಇದು ಸರಿ. ನವಲಗುಂದದ ಜಮಖಾನಿ ಚಪ್ಪಟೆ ನೇಯ್ಗೆಯ ಹತ್ತಿ. ಯಂತ್ರಕ್ಕೆ ಅದು ಕಾರ್ಪೆಟ್ ಅನಿಸಲೇ ಇಲ್ಲ, ಒದ್ದೆ ಬಟ್ಟೆ ಇಟ್ಟುಕೊಂಡೇ ಹತ್ತಿತು. ಎರಡನೇ ಸಲ ಅಂಚಿನ ಕುಚ್ಚು ಬ್ರಷ್ಷಿಗೆ ಸುತ್ತಿಕೊಂಡು ಕತ್ತರಿ ತರಬೇಕಾಯಿತು. ಆಮೇಲೆ ಮೊಬೈಲಿನ ನಕ್ಷೆಯಲ್ಲಿ ಅಷ್ಟು ಜಾಗಕ್ಕೆ ಗೆರೆ ಹಾಕಿ ಪ್ರವೇಶ ನಿಷೇಧ ಮಾಡಿದೆವು. ದೇವರ ಜಗುಲಿಯ ಮುಂದಿನ ರಂಗೋಲಿಗೂ ಇದೇ ವ್ಯವಸ್ಥೆ. ರಂಗೋಲಿ ಪುಡಿ ಕಲ್ಲಿನ ಹುಡಿ. ಅಳಿಸಿ ಹೋಗುವುದು ಒಂದಾದರೆ ಫಿಲ್ಟರ್ ಮುಚ್ಚಿಕೊಳ್ಳುವುದು ಇನ್ನೊಂದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ದೊಡ್ಡ ಗುಣ ಹೇಳದಿದ್ದರೆ ಅನ್ಯಾಯ. ಹೋದ ವರ್ಷ ಅವ್ವ ಬಿದ್ದದ್ದು ಇದೇ ಟೈಲ್ಸ್ ಮೇಲೆ. ಬಕೆಟ್ ನೀರಿನಲ್ಲಿ ಒರೆಸಿದ ನೆಲ ಆರುವ ಮೊದಲೇ ಬಚ್ಚಲಿಗೆ ಹೊರಟಿದ್ದಳು. ಮೊಣಕಾಲಿಗೆ ಆಪರೇಷನ್ ಆಗಿ ಮೂರು ತಿಂಗಳು ಹಾಸಿಗೆ ಹಿಡಿದಳು. ಈ ಯಂತ್ರ ನೀರು ಬಳಸುವುದು ಬಹಳ ಕಡಿಮೆ. ಒರೆಸಿ ನಾಲ್ಕು ನಿಮಿಷಕ್ಕೆ ನೆಲ ಒಣಗಿರುತ್ತಿತ್ತು. ಮಂಚದ ಕೆಳಗೆ ನಾವು ಯಾರೂ ಬಗ್ಗದ ಮೂಲೆಗೂ ಹೋಗಿ ಬರುತ್ತಿತ್ತು. ವಯಸ್ಸಾದವರಿರುವ ಟೈಲ್ಸ್ ಮನೆಗೆ ಇದು ಸಣ್ಣ ಮಾತಲ್ಲ. ಜೊತೆಗೆ, ಅದು ಓಡುವಾಗ ಹಿರಿಯರು ಕುರ್ಚಿ ಬಿಟ್ಟು ಏಳಬಾರದು ಎಂಬ ನಿಯಮವನ್ನೂ ಮಾಡಬೇಕು. ಕಾಲಡಿ ಸಿಕ್ಕರೆ ಒದ್ದೆ ನೆಲದಷ್ಟೇ ಅಪಾಯ.

ಖರ್ಚು, ರಿಪೇರಿ, ನಕ್ಷೆ

ವಿದ್ಯುತ್ತಿನ ಚಿಂತೆ ಬೇಡ. ಬ್ಯಾಟರಿಯ ಮೇಲೆ 14.4 ವೋಲ್ಟ್, 5200 ಎಂಎಎಚ್ ಎಂದಿತ್ತು. ಗುಣಿಸಿದರೆ ಸುಮಾರು 75 ವ್ಯಾಟ್-ಅವರ್. ಚಾರ್ಜಿಂಗಿನಲ್ಲಿ ಪೋಲಾಗುವುದನ್ನು ಸೇರಿಸಿದರೂ ಒಂದು ಯೂನಿಟ್ಟಿಗೆ ಹತ್ತು ಸಲ ಪೂರ್ತಿ ಚಾರ್ಜ್ ಆಗುತ್ತದೆ. ಬೆಲೆ 26,000 ರೂಪಾಯಿ. ಅಂಗಡಿಯವರೇ ಕೊಟ್ಟ ಪಟ್ಟಿಯ ಪ್ರಕಾರ ಬಟ್ಟೆ, ಫಿಲ್ಟರ್, ಬ್ರಷ್ಷಿಗೆ ವರ್ಷಕ್ಕೆ 3,000. ಸರ್ವಿಸ್ ಬೇಕಾದರೆ ಹುಬ್ಬಳ್ಳಿಗೆ ಒಯ್ಯಬೇಕು.

ಮೊಬೈಲ್ ಆ್ಯಪ್ ಇಲ್ಲದೆ ನಕ್ಷೆ ಇಲ್ಲ, ನಿಷೇಧದ ಗೆರೆ ಇಲ್ಲ. ಆ್ಯಪ್ ನಡೆಸುವ ಕಂಪನಿ ಮುಳುಗಿದರೆ? ಇದು ಬರೀ ಊಹೆಯಲ್ಲ. ಲೇಸರ್ ನಕ್ಷೆಯ ಯಂತ್ರಗಳಿಂದ ಹೆಸರು ಮಾಡಿದ್ದ ನೀಟೋ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ರೂಂಬಾದ ಐರೋಬೋಟ್ ಕೂಡ 2025ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತು.

ಪತ್ರಿಕೋದ್ಯಮ ಕಲಿತ ನಮಗೆ ಇನ್ನೊಂದು ಸಂಗತಿ ಮುಖ್ಯ. ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರ ಡಿಸೆಂಬರ್‌ನಲ್ಲಿ ಒಂದು ತನಿಖಾ ವರದಿ ಪ್ರಕಟಿಸಿತು. ಐರೋಬೋಟ್ ಕಂಪನಿಯ ಪರೀಕ್ಷಾರ್ಥ ರೂಂಬಾಗಳು 2020ರಲ್ಲಿ ಮನೆಗಳ ಒಳಗೆ ತೆಗೆದ ಚಿತ್ರಗಳು, ಅವುಗಳಿಗೆ ಗುರುತು ಹಚ್ಚುವ ಕೂಲಿ ಕೆಲಸಗಾರರ ಮೂಲಕ ಸೋಷಿಯಲ್ ಮೀಡಿಯಾ ಗುಂಪುಗಳಿಗೆ ಹೋಗಿದ್ದವು. ಶೌಚಾಲಯದಲ್ಲಿ ಕೂತ ಹೆಂಗಸಿನ ಚಿತ್ರವೂ ಅದರಲ್ಲಿತ್ತು. ಅವು ಮಾರಾಟದ ಯಂತ್ರಗಳಲ್ಲ, ಒಪ್ಪಿಗೆ ಪಡೆದು ಕೊಟ್ಟ ವಿಶೇಷ ಯಂತ್ರಗಳು ಎಂದು ಕಂಪನಿ ಹೇಳಿತು. ಒಪ್ಪೋಣ. ಆದರೂ ಕೊಳ್ಳುವಾಗ ಕ್ಯಾಮೆರಾ ಇದೆಯೋ, ಬರೀ ಲೇಸರ್ರೋ ಎಂದು ಕೇಳಿಯೇ ಕೊಳ್ಳಿರಿ. ನಮಗೆ ಬಂದದ್ದರಲ್ಲಿ ಕ್ಯಾಮೆರಾ ಇರಲಿಲ್ಲ.

ಅಕ್ಕನ ಪ್ರಶ್ನೆ

ಯಂತ್ರ ಬಂದ ಎರಡನೇ ದಿನ ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು: "ಅಣ್ಣಾರ, ಇದು ಬಂದ್ರ ನಾ ಬರೂದು ಬ್ಯಾಡೇನ್ರಿ?"

ಅವರು ಐದು ಮನೆ ಮಾಡುತ್ತಾರೆ. ನಮ್ಮಲ್ಲಿ ಕಸ-ನೆಲಕ್ಕೆ ತಿಂಗಳಿಗೆ 1,200 ರೂಪಾಯಿ. ಅಂಗಡಿ ಮಾಲೀಕರು ಗಿರಾಕಿಗಳಿಗೆ ಹೇಳುವ ಲೆಕ್ಕವೂ ಇದೇ: 26,000ವನ್ನು 1,200ರಿಂದ ಭಾಗಿಸಿರಿ, 22 ತಿಂಗಳಲ್ಲಿ ಮಿಷಿನ್ ದುಡ್ಡು ಬಂತು, ಆಮೇಲೆ ಪುಕ್ಕಟೆ. ವರ್ಷದ 3,000 ಸೇರಿಸಿದರೆ 22 ತಿಂಗಳು 27 ಆಗುತ್ತದೆ, ಅಷ್ಟರಲ್ಲಿ ಬ್ಯಾಟರಿಗೂ ವಯಸ್ಸಾಗಿರುತ್ತದೆ. ಅದಿರಲಿ. ಈ ಲೆಕ್ಕದಲ್ಲಿ ಇನ್ನೊಂದು ದೋಷವಿದೆ. ಅಕ್ಕ ಮಾಡುವ ಕೆಲಸವೆಲ್ಲ ಅದರಲ್ಲಿ ಬಂದಿಲ್ಲ.

ನಮ್ಮ ಪಡಸಾಲೆಯ ಕಿಟಕಿಕಟ್ಟೆಯ ಮೇಲೆ ದಿನಾ ಏನಾದರೊಂದು ಇರುತ್ತದೆ: ಒಂದು ರೂಪಾಯಿ ನಾಣ್ಯ, ಮಗಳ ಹೇರ್‌ಪಿನ್, ಶರ್ಟಿನ ಗುಂಡಿ, ಅವ್ವನ ಬಿ.ಪಿ. ಗುಳಿಗೆ. ಗುಡಿಸುವಾಗ ಸಿಕ್ಕದ್ದನ್ನು ಅಕ್ಕ ಅಲ್ಲಿಡುತ್ತಾರೆ. "ಅಮ್ಮಾರ, ನಿನ್ನೆ ಗುಳಿಗಿ ನುಂಗಿಲ್ಲ ನೀವು, ಕೆಳಗ ಬಿದ್ದಿತ್ತು" ಎಂದು ಗದರುವುದೂ ಉಂಟು. ಯಂತ್ರ ಬಂದ ಆರನೇ ದಿನ ಕಿಟಕಿಕಟ್ಟೆ ಖಾಲಿ ಇತ್ತು. ಅನುಮಾನ ಬಂದು ಅದರ ಡಬ್ಬಿ ಕಾಗದದ ಮೇಲೆ ಸುರುವಿದರೆ ಕೂದಲು ಧೂಳಿನ ನಡುವೆ ಎರಡು ಗುಳಿಗೆ, ಅವ್ವನ ಕಿವಿಯ ಓಲೆಯ ತಿರುಪು. ಗುಡಿಸುವುದೆಂದರೆ ಕಸ ತೆಗೆಯುವುದಷ್ಟೇ ಅಲ್ಲ, ಕಸ ಯಾವುದು ಕಸವಲ್ಲದ್ದು ಯಾವುದು ಎಂದು ನೋಡುವುದೂ ಹೌದು. ಆ ನೋಟಕ್ಕೆ ನಾವು ಯಾವತ್ತೂ ಬೇರೆ ದುಡ್ಡು ಕೊಟ್ಟಿಲ್ಲ.

ಮನೆಕೆಲಸದವರಿಗೆ ಕನಿಷ್ಠ ವೇತನ ನಿಗದಿಗೆ 2004ರಲ್ಲೇ ಕೈಹಾಕಿದ ರಾಜ್ಯ ನಮ್ಮದು. ಆದರೆ ನಮ್ಮ ಓಣಿಯಲ್ಲಿ ಅದರ ಪ್ರಕಾರ ಲೆಕ್ಕ ಹಾಕಿ ಕೊಡುವ ಮನೆ ಒಂದೂ ಇಲ್ಲ. ದರ ನಡೆಯುವುದು ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎಂಬುದರ ಮೇಲೆ. ಇಂಥಲ್ಲಿ 22 ತಿಂಗಳ ಲೆಕ್ಕ ಬಾಯಿಂದ ಬಾಯಿಗೆ ಹರಡಿದರೆ ಯಂತ್ರ ಕೊಳ್ಳದ ಮನೆಯಲ್ಲೂ ಅದು ಕೆಲಸ ಮಾಡುತ್ತದೆ. "ಜಾಸ್ತಿ ಕೇಳಿದ್ರ ಮಿಷಿನ್ ತರ್ತೀವಿ ನೋಡವ್ವಾ" ಎಂದು ಒಂದು ಮನೆಯಲ್ಲಿ ಆಗಲೇ ಅಂದರಂತೆ. ಅಕ್ಕ ಬಾಗಿಲಲ್ಲಿ ನಿಂತು ಕೇಳಿದ್ದು ಅದರ ಮರುದಿನವೇ.

"ಬರೂದು ಬ್ಯಾಡ ಅಂದವ್ರ್ಯಾರು? ನೀ ಬರದಿದ್ರ ನಾ ಯಾರ ಕೂಡ ಜಗಳಾಡ್ಲಿ?" ಅಂದಳು ಅವ್ವ. ಆಮೇಲೆ ಅವರಿಬ್ಬರೂ ಕೂತು ಮಾತಾಡಿದ್ದು ಮೊಣಕಾಲಿನ ಬಗ್ಗೆ. ಅವ್ವನದು ಆಪರೇಷನ್ ಆದ ಮೊಣಕಾಲು. ಅಕ್ಕನದು ಐದು ಮನೆಯ ನೆಲವನ್ನು ಕುಕ್ಕರಗಾಲಲ್ಲಿ ಕೂತು ಒರೆಸುವ ಮೊಣಕಾಲು. ಅವರ ವಯಸ್ಸು ನಲವತ್ತೈದರ ಆಸುಪಾಸು. ರಾತ್ರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಮಲಗುತ್ತಾರೆ. ಅದನ್ನು ಈ ಮನೆಯಲ್ಲಿ ಅಕ್ಕ ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು.

ಹದಿನೈದನೇ ದಿನ ಯಂತ್ರ ಒರೆಸಿ, ಡಬ್ಬಿಗೆ ಹಾಕಿ, ವಾಪಸ್ ಕೊಟ್ಟೆವು. 26,000 ನಮ್ಮ ಕೈಗೆ ಎಟುಕುವ ಮೊತ್ತವೂ ಅಲ್ಲ. ಬರುವಾಗ ಪಕ್ಕದ ಅಂಗಡಿಯಲ್ಲಿ 1,100 ರೂಪಾಯಿಗೆ ಉದ್ದ ಕೋಲಿನ, ತಿರುಗಿಸಿ ಹಿಂಡುವ ಬಕೆಟ್ ಮಾಪ್ ತಂದೆವು. ಈಗ ಅಕ್ಕ ನಿಂತೇ ಒರೆಸುತ್ತಾರೆ. ಬಟ್ಟೆ ಚೆನ್ನಾಗಿ ಹಿಂಡಿ ಬರುವುದರಿಂದ ಟೈಲ್ಸ್ ಬೇಗ ಆರುತ್ತದೆ. ಫರಸಿಯ ಸಂದಿಗೆ ಮಾತ್ರ ಅದು ಸಾಲದು, ಅಲ್ಲಿ ಕೈಯೇ ಬೇಕು ಎಂಬುದು ಅಕ್ಕನ ತೀರ್ಪು. ತಿಂಗಳಿಗೆ 300 ರೂಪಾಯಿ ಹೆಚ್ಚಿಸಿದ್ದೇವೆ, ಭಾನುವಾರ ರಜೆ. ಭಾನುವಾರದ ಪಾಳಿ ನಮ್ಮದು.

ಹಾಗಾದರೆ ಕೊಳ್ಳಬಹುದಾ?

ಮನೆಯಲ್ಲಿ ಟೈಲ್ಸ್ ಅಥವಾ ಗಟ್ಟಿ ಕೆಂಪು ನೆಲವೇ ಹೆಚ್ಚಿದ್ದರೆ, ಹೊಸ್ತಿಲು 2 ಸೆಂಟಿಮೀಟರ್ ಒಳಗಿದ್ದರೆ, ಹಿರಿಯರಷ್ಟೇ ಇರುವ ಮನೆಯಾಗಿದ್ದು ಆ್ಯಪ್ ನೋಡಿಕೊಳ್ಳಲು ಒಬ್ಬರಿದ್ದರೆ, ಕೊಳ್ಳಬಹುದು, ದುಡ್ಡಿಗೆ ಮೋಸವಿಲ್ಲ. ಕಿತ್ತುಹೋದ ಸಂದಿಯ ಫರಸಿ, ಕರಿ ಕಲ್ಲು, ಎತ್ತರದ ಹೊಸ್ತಿಲಿದ್ದರೆ ಬೇಡ. ಅಂಥ ಮನೆಯವರು ಅದೇ ದುಡ್ಡಿನ ಒಂದು ಪಾಲಿನಲ್ಲಿ ಫರಸಿಯ ಸಂದಿಗಳಿಗೆ ಸಿಮೆಂಟ್ ತುಂಬಿಸಿದರೆ ಯಾರು ಗುಡಿಸಿದರೂ ಕೆಲಸ ಹಗುರಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯವರಿಗೆ ಹೇಳಿ ಮನೆಗೇ ತರಿಸಿ ಒಂದು ದಿನ ಓಡಿಸಿ ನೋಡಿರಿ. ಅಂಗಡಿಯ ಹೊಳೆಯುವ ನೆಲದ ಮೇಲೆ ಎಲ್ಲ ಯಂತ್ರಗಳೂ ಛಲೋ ಓಡುತ್ತವೆ.

ಇದನ್ನೆಲ್ಲ ಟಿಪ್ಪಣಿ ಪುಸ್ತಕದ ಸಮೇತ ಮಾಲೀಕರಿಗೆ ತೋರಿಸಿದೆವು. ಪೂರ್ತಿ ಓದಿದರು. "ಖರೇನ ಬರದೀರಿ ಸರ್. ಆದ್ರ ಪೇಪರಿನ್ಯಾಗ ಟೈಲ್ಸಿಂದಷ್ಟ ಹಾಕ್ರಿ, ಫರಸಿ ಮಾತು ಬ್ಯಾಡ" ಅಂದರು. ಅರ್ಧ ಹಾಕುವುದಾದರೆ ಅದನ್ನು ಜಾಹೀರಾತು ಎಂದೇ ಹಾಕಿಸೋಣ, ಮೇಲೆ ನಮ್ಮ ಹೆಸರು ಬೇಡ ಅಂದೆವು. ಅವರು ಸಿಟ್ಟಾಗಲಿಲ್ಲ, ಚಹಾ ತರಿಸಿದರು. ದೀಪಾವಳಿ ಜಾಹೀರಾತಿನ ಮಾತು ಮಾತ್ರ ಇನ್ನೂ ಎತ್ತಿಲ್ಲ.